ಧೂಳು ತೆಗೆದ ಆಟ

ಸಂಡೂರಿನ ಹತ್ತಿರದ ಯಶವಂತನಗರದ ಗಣಿ ಕಂಪನಿಯವರು ಹೊನ್ನೂರಮ್ಮನನ್ನು ಕರೆಸಿದ್ದು ಗೋಡೆಯ ಮೇಲೆ ನಾಲ್ಕು ಸಾಲು ಬರೆಯುವುದಕ್ಕೆ ಮಾತ್ರ. 2008ರ ಏಪ್ರಿಲ್. ಡ್ರೈವರ್‌ಗಳಿಗೆ ಸುರಕ್ಷತೆಯ ತರಬೇತಿ ಕೊಡಲು ಕಂಪನಿ ಹೊಸದೊಂದು ಕೋಣೆ ಕಟ್ಟಿಸಿತ್ತು. 'ನಿಧಾನವೇ ಜೀವ' ಎಂದು ಶುರುವಾಗುವ ಒಕ್ಕಣೆಯನ್ನು ಅವಳು ಕೆಂಪು ಬಣ್ಣದಲ್ಲಿ ಬರೆದು ಸಂಜೆಯ ಬಸ್ಸಿಗೆ ಹೊಸಪೇಟೆಗೆ ಮರಳಬೇಕಿತ್ತು.

ಹೊಸಪೇಟೆಯ ಬೈಪಾಸಿನ ಲಾರಿ ಸ್ಟ್ಯಾಂಡಿನಲ್ಲಿ ಅವಳದೊಂದು ಪೇಂಟಿಂಗ್ ಅಂಗಡಿ. ಅಪ್ಪ ಕಂಪ್ಲಿಯಲ್ಲಿ ಬೋರ್ಡು ಬರೆಯುತ್ತಿದ್ದವನು. ಅವನ ಕಣ್ಣು ಮಂಜಾದ ಮೇಲೆ ಏಳನೇ ಇಯತ್ತೆಗೇ ಶಾಲೆ ಬಿಟ್ಟು ಬ್ರಷ್ಷು ಹಿಡಿದಿದ್ದಳು. ಅವಳಿಗೀಗ ಇಪ್ಪತ್ತೇಳು ವರ್ಷ. ಅದಿರಿನ ವ್ಯಾಪಾರ ಜೋರಾದಂತೆ ದಿನಕ್ಕೆ ಹತ್ತಾರು ಟಿಪ್ಪರ್‌ಗಳು ಅವಳ ಅಂಗಡಿ ಮುಂದೆ ನಿಂತು ನಂಬರ್, ಮಾಲೀಕರ ಹೆಸರು, ಮನೆದೇವರ ಹೆಸರು ಬರೆಸಿಕೊಂಡು ಹೋಗುತ್ತಿದ್ದವು.

ಕೋಣೆಯ ನಡುವೆ ಒಂದು ಕಂಪ್ಯೂಟರ್, ಅದಕ್ಕೆ ಜೋಡಿಸಿದ ಸ್ಟೇರಿಂಗ್, ಕಾಲಡಿ ಬ್ರೇಕು. ಪರದೆಯ ಮೇಲೆ ಟಿಪ್ಪರ್ ಓಡಿಸುವ ವಿಡಿಯೋ ಗೇಮ್. ಅಪಘಾತ ಮಾಡದೆ ಲೋಡಿಂಗ್ ಪಾಯಿಂಟಿನವರೆಗೆ ಹೋಗಿ ಬಂದವರಿಗೆ ಸರ್ಟಿಫಿಕೇಟ್. ಆಟದ ಚಿತ್ರಗಳನ್ನೆಲ್ಲ ಮಾಡಿದವನು ಅಚ್ಯುತ. ಹೊಸಪೇಟೆಯವನೇ, ಬೇರೆ ಊರಿನ ಚಿತ್ರಕಲಾ ಕಾಲೇಜಿನಲ್ಲಿ ಐದು ವರ್ಷ ಓದಿ ಬಂದವನು. ಅವತ್ತು ಆಟವನ್ನು ಮೊದಲ ಸಲ ಡ್ರೈವರ್‌ಗಳ ಕೈಗೆ ಕೊಟ್ಟಿದ್ದ.

ಇಪ್ಪತ್ತೆರಡು ವರ್ಷದಿಂದ ಗಾಡಿ ಓಡಿಸುತ್ತಿದ್ದ ಭರಮಣ್ಣ ಸ್ಟೇರಿಂಗ್ ಹಿಡಿದು ಪರದೆ ನೋಡಿದವನೇ ನಕ್ಕುಬಿಟ್ಟ. "ಇದು ಸಂಡೂರ ಅಲ್ಲಲೇ, ಹಂಪಿ! ಗುಂಡು ಎಷ್ಟು ಚಂದ ಇಟ್ಟಾನ ನೋಡ್ರಿ."

ಎಲ್ಲರೂ ನಕ್ಕರು. ನಿಜಕ್ಕೂ ಅಚ್ಯುತ ಗುಡ್ಡಗಳನ್ನು ಹಂಪಿಯ ಬಂಡೆಗಳ ಹಾಗೆ ದುಂಡಗೆ, ಒಂದರ ಮೇಲೊಂದು ಇಟ್ಟು ಚಿತ್ರಿಸಿದ್ದ. ಆಕಾಶ ನೀಲಿ. ರಸ್ತೆಗೆ ಬಿಳಿ ಪಟ್ಟಿ. ಕನ್ನಡಿ ತೊಳೆದಿಟ್ಟ ಹಾಗೆ.

ಏಣಿಯ ಮೇಲಿದ್ದ ಹೊನ್ನೂರಮ್ಮ ನಗಲಿಲ್ಲ. ಕೆಳಗಿಳಿದು ಬಂದು ಪರದೆಯ ಎಡಗಡೆ ಬೆರಳಿಟ್ಟಳು. "ಕ್ಲೀನರ್ ಸೈಡಿಗೆ ಹಿಂದ ನಿಂತ ಮನುಷ್ಯಾ ಹಿಂಗ ಪೂರ್ತಿ ಕಾಣ್ತಾನೇನ್ರಿ? ಯಾವ ಗಾಡ್ಯಾಗ ಕಾಣ್ತಾನ?"

ಅಚ್ಯುತನಿಗೆ ಮೊದಲೇ ಮುಖ ಕೆಂಪೇರಿತ್ತು. "ನೀವು ಯಾರ್ರಿ?"

"ಗ್ವಾಡಿ ಬರಿಯಾಕ ಬಂದಾಕಿ."

"ಮತ್ತ ಗ್ವಾಡಿ ಬರೀರಿ. ಪರ್‍ಸ್ಪೆಕ್ಟಿವ್ ಅಂದ್ರ ಏನು ಗೊತ್ತದ? ಎಲ್ಲಿ ಕಲ್ತೀರಿ ನೀವು?"

"ಎಲ್ಲೂ ಕಲ್ತಿಲ್ರಿ. ನೀವು ಐದು ವರ್ಷ ಕಲ್ತೀರಂತ. ಒಂದು ದಿನಾನೂ ಟಿಪ್ಪರ್ ಹತ್ತಿಸ್ಲಿಲ್ಲೇನು ನಿಮಗ?"

ಈ ಸಲ ಡ್ರೈವರ್‌ಗಳು ನಕ್ಕಿದ್ದು ಅವನನ್ನೇ ನೋಡಿ. ಅಚ್ಯುತ ಕಂಪ್ಯೂಟರ್ ಆರಿಸಿ ಹೊರಗೆ ಹೋದ.

ಆದರೆ ಮರುದಿನ ಅವನೇ ಅವಳ ಅಂಗಡಿಗೆ ಬಂದ. "ತೋರಿಸ್ರಿ" ಎಂದಷ್ಟೇ ಹೇಳಿದ. ಇಬ್ಬರೂ ಭರಮಣ್ಣನ ಟಿಪ್ಪರ್ ಹತ್ತಿ ಸಂಡೂರಿನ ಘಾಟಿಗೆ ಹೋದರು. ಎದುರಿನಿಂದ ಲೋಡು ತುಂಬಿದ ಗಾಡಿಗಳು ಸಾಲಾಗಿ ಬರುತ್ತಿದ್ದವು. ಒಂದೊಂದು ದಾಟಿದಾಗಲೂ ಗಾಜಿನ ಮುಂದೆ ಕೆಂಪು ಗೋಡೆ ಎದ್ದಂತಾಗುತ್ತಿತ್ತು. ಮರಗಳ ಎಲೆ, ಹಾದಿಬದಿಯ ಮನೆಗಳ ಹಂಚು, ಒಣಹಾಕಿದ ಬಟ್ಟೆ ಎಲ್ಲಕ್ಕೂ ಒಂದೇ ಬಣ್ಣ. ಮೇಲೆ ಗಾಡಿ ನಿಂತಾಗ ಅವಳು ಅಚ್ಯುತನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ತಾನು ಇಳಿದು ಹೋದಳು.

"ನಾ ಎಲ್ಲಿದೀನಿ ಹೇಳ್ರಿ," ಎಂದು ಕೂಗಿದಳು.

ಅಚ್ಯುತ ಕನ್ನಡಿಯಲ್ಲಿ ನೋಡಿದ, ಬಗ್ಗಿ ನೋಡಿದ. ಕಾಣಲಿಲ್ಲ. ಇಳಿದು ಸುತ್ತಿ ಬಂದರೆ ಅವಳು ಎಡಗಡೆ ಹಿಂದಿನ ಚಕ್ರದಿಂದ ಎರಡು ಮಾರು ದೂರದಲ್ಲಿ ನಿಂತಿದ್ದಳು.

"ಇಲ್ಲೇ ನಿಂತಿದ್ದ ನಮ್ಮಣ್ಣ ಎರ್ರಿಯಪ್ಪ," ಎಂದಳು. "ಕ್ಲೀನರ್ ಇದ್ದ. ಹೋದ ವರ್ಷ ಗಾಡಿ ರಿವರ್ಸ್ ಬಂತು. ಎಡಗಾಲು ತೊಡಿಮಟ ತಗದಾರ. ಡ್ರೈವರ್‌ಗ ಕಣ್ಣಿರಲಿಲ್ಲೇನು ಅಂತ ಎಲ್ರೂ ಬೈದ್ರು. ಕಣ್ಣು ಇತ್ರಿ. ಕಾಣಂಗಿಲ್ಲ ಅಷ್ಟ."

ಅಚ್ಯುತ ಅವಳು ನಿಂತಿದ್ದ ಜಾಗದಲ್ಲೇ ನಿಂತು ಕನ್ನಡಿಯ ಕಡೆ ನೋಡಿದ. ಬೆಟ್ಟ ಇಳಿಯುವಾಗ, "ಮತ್ತ ಮೊದಲಿಂದ ಮಾಡೋಣ, ನೀವೂ ಬರ್ರಿ" ಎಂದ.

ಎರಡು ತಿಂಗಳು ಅವಳು ಮಧ್ಯಾಹ್ನಗಳನ್ನು ಆ ಕೋಣೆಯಲ್ಲಿ ಕಳೆದಳು. ಗುಡ್ಡದ ಸೀಳು, ಗಾಜಿನ ಮೇಲಿನ ಕೆಸರು, ಹೊತ್ತೊತ್ತಿಗೆ ಬದಲಾಗುವ ಧೂಳಿನ ಬಣ್ಣ ಇವನ್ನೆಲ್ಲ ದಪ್ಪ ಹಾಳೆಯ ಮೇಲೆ ಬರೆದು ಕೊಡುತ್ತಿದ್ದಳು. ಅಚ್ಯುತ ಸ್ಕ್ಯಾನ್ ಮಾಡಿ ಆಟದೊಳಗೆ ಕೂರಿಸುತ್ತಿದ್ದ. ಧೂಳಿಗೆ ಇಷ್ಟು ಬಣ್ಣ ಇರುತ್ತದೆಂದು ತನ್ನ ಮೇಷ್ಟ್ರುಗಳು ಯಾರೂ ಹೇಳಿರಲಿಲ್ಲ ಎಂದು ಅವನು ಒಪ್ಪಿಕೊಂಡ. ಆದರೆ ಎಡಗಡೆ ನಿಂತ ಮನುಷ್ಯನ ಚಿತ್ರ ಬಂದಾಗ ತಲೆ ಅಲ್ಲಾಡಿಸಿದ.

"ನಿಮ್ಮ ಮನುಷ್ಯ ಬೋರ್ಡಿನ ಮ್ಯಾಲ ನಿಂತಂಗ ನಿಂತಾನ, ಹೊನ್ನೂರಮ್ಮ. ಸುತ್ತಲೂ ಕರೀ ಗೆರಿ. ಎಷ್ಟು ಧೂಳು ಹಾಕಿದ್ರೂ ಎದ್ದು ಕಾಣ್ತಾನ."

ಅವಳಿಗೆ ಸಿಟ್ಟು ಬಂತು. ಹದಿನಾಲ್ಕು ವರ್ಷದಿಂದ ಅವಳು ಕಲಿತದ್ದೆಲ್ಲ ದೂರದಿಂದ ಎದ್ದು ಕಾಣುವ ಹಾಗೆ ಬರೆಯುವುದನ್ನೇ. ಕಾಣದ ಹಾಗೆ ಬರೆಯುವುದು ಹೇಗೆ? ಅಚ್ಯುತ ತೋರಿಸಿಕೊಟ್ಟ. ಅಂಗಿಯ ಬಣ್ಣ ಬೇರೆಯಾದರೂ ಅದರ ಕಪ್ಪು ಬಿಳುಪಿನ ಹದ ಧೂಳಿನ ಹದಕ್ಕೇ ಬಂದರೆ ಕಣ್ಣು ಅಂಚನ್ನು ಹಿಡಿಯುವುದಿಲ್ಲ. ಬಲಗಡೆ ಬೆಳಕು ಇಟ್ಟರೆ ನೋಟ ಅತ್ತಲೇ ಹೋಗುತ್ತದೆ. ಅವನು ಕಣ್ಣು ಅರ್ಧ ಮುಚ್ಚಿ ನೋಡುವುದನ್ನು ಹೇಳಿಕೊಟ್ಟ. ಅವಳು ಹನ್ನೊಂದು ಸಲ ಬರೆದು ಹರಿದಳು. ಹನ್ನೆರಡನೆಯದನ್ನು ಪರದೆಯ ಮೇಲೆ ಹಾಕಿದಾಗ, ಬರೆದವಳಿಗೇ ಆ ಮನುಷ್ಯನನ್ನು ಹುಡುಕಬೇಕಾಯಿತು.

"ಇದನ್ನ ಕಾಲೇಜಿನಾಗ ಕಲಿಸ್ತಾರೇನ್ರಿ?"

"ಎರಡನೇ ವರ್ಷ."

"ಮೊದಲೇ ಯಾರಾದ್ರೂ ಹೇಳಿದ್ರ ನಾನೂ ಹೋಗ್ತಿದ್ದೆ," ಎಂದಳು. ಹೇಳಿದ ಮೇಲೆ ಅದು ಸುಳ್ಳೆಂದು ಅವಳಿಗೇ ಗೊತ್ತಾಯಿತು. ಅವಳನ್ನು ಯಾರು ಕಳಿಸುತ್ತಿದ್ದರು?

ಜುಲೈಯಲ್ಲಿ ಹತ್ತು ಡ್ರೈವರ್‌ಗಳು ಹೊಸ ಆಟ ಆಡಿದರು. ಭರಮಣ್ಣ ಮೊದಲು ಕುಳಿತ. ಲೋಡಿಂಗ್ ಪಾಯಿಂಟಿನಲ್ಲಿ ಗಾಡಿ ರಿವರ್ಸ್ ತೆಗೆದ. ಕನ್ನಡಿ ನೋಡಿದ. ಹಿಂದೆ ಬಂದ. ಪರದೆ ಕೆಂಪಾಗಿ ನಿಂತುಬಿಟ್ಟಿತು. ಯಾರೂ ನಗಲಿಲ್ಲ. ಹತ್ತರಲ್ಲಿ ಏಳು ಜನ ಆ ಮನುಷ್ಯನ ಮೇಲೆ ಗಾಡಿ ಹತ್ತಿಸಿದರು.

"ಇನ್ನೊಮ್ಮಿ ಹಾಕ್ರಿ," ಎಂದ ಭರಮಣ್ಣ. ನಾಲ್ಕನೇ ಸಲ ಅವನು ಸ್ಟೇರಿಂಗ್ ಬಿಟ್ಟು ಕೈ ಕಟ್ಟಿ ಕೂತ. "ಕ್ಲೀನರ್ ಮುಂದ ಬಂದು ಮುಖ ತೋರ್ಸೋಮಟ ನಾ ಗಾಡಿ ತೆಗಿಯಂಗಿಲ್ಲ," ಎಂದ. ಆಟ ಕಲಿಸಬೇಕಾಗಿದ್ದುದೇ ಅದನ್ನು.

ಒಂದು ವಾರದ ಮೇಲೆ ಹೊನ್ನೂರಮ್ಮ ಹೋದಾಗ ಪರದೆಯ ಮೇಲೆ ಮತ್ತೆ ನೀಲಿ ಆಕಾಶವಿತ್ತು.

ಕೇಳಲು ಆಫೀಸಿಗೆ ಹೋದರೆ ತರಬೇತಿಯ ಮ್ಯಾನೇಜರ್ ಮನೋಹರ್ ಅವಳನ್ನು ಕುಂದ್ರಿ ಎಂದೂ ಹೇಳಲಿಲ್ಲ. ಮುಂದಿನ ತಿಂಗಳು ಹೊರಗಿನಿಂದ ದೊಡ್ಡವರು ಗಣಿ ನೋಡಲು ಬರುವವರಿದ್ದರು. ಅವರಿಗೆ ಈ ಕೋಣೆ ತೋರಿಸಬೇಕು. "ನಮ್ಮ ರೋಡು ಹಿಂಗದ ಅಂತ ನಾವ ಸಿನಿಮಾ ಮಾಡಿ ತೋರಿಸ್ಬೇಕೇನಮ್ಮಾ? ಧೂಳು, ಧೂಳು, ಬರೇ ಧೂಳು. ಧೂಳು ಏಳದಂಗ ರೋಡಿಗೆ ನೀರು ಹೊಡಿತೀವಿ ಅಂತ ಬರಕೊಟ್ಟೀವಿ ನಾವು."

"ಹೊಡಿತೀರೇನ್ರಿ?"

ಮನೋಹರ್ ಮುಖ ಗಂಟಿಕ್ಕಿದ. "ನಿನಗ್ಯಾಕ ಅದು? ಹೆಡ್ ಆಫೀಸಿಗೆ ಕಾರಣ ಕಳಿಸೀವಿ. ಕೇಳು." ಮೇಜಿನ ಮೇಲಿದ್ದ ಕಾಗದ ಎತ್ತಿ ಕನ್ನಡ ಮಾಡಿ ಓದಿದ: "ಹಿಂದಿನ ಚಿತ್ರಗಳನ್ನು ಕಲಾ ಶಿಕ್ಷಣ ಇಲ್ಲದ ನಂಬರ್ ಪ್ಲೇಟ್ ಪೇಂಟರ್ ಒಬ್ಬಳಿಂದ ಮಾಡಿಸಲಾಗಿತ್ತು. ಅವು ಕಳಪೆಯಾಗಿದ್ದು ಚಾಲಕರನ್ನು ದಾರಿ ತಪ್ಪಿಸುತ್ತಿದ್ದವು. ಅರ್ಹ ಕಲಾವಿದರು ಈಗ ಸರಿಪಡಿಸಿದ್ದಾರೆ." ಕೆಳಗಿನ ಸಹಿಯನ್ನು ಅವಳ ಕಡೆ ತಿರುಗಿಸಿ ತೋರಿಸಿದ. "ಸಹಿ ಅಚ್ಯುತ ಅವರದ. ಆರ್ಟ್ ಡಿಗ್ರಿ ಮಾಡ್ಯಾರ ಅವರು."

ಅಷ್ಟರಲ್ಲಿ ಅಚ್ಯುತ ಆಟದ ಕೋಣೆಗೆ ಬಂದಿದ್ದ. ಅವಳು ಒಳಗೆ ಬಂದಾಗ ಎದ್ದು ನಿಂತ.

"ನನ್ನ ಮುಖ ನೋಡಿ ಓದ್ರಿ, ಏನ್ ಬರದೀರಿ ಅಂತ."

"ಹೊನ್ನೂರಮ್ಮ, ಅದು ಅವ್ರು ಟೈಪ್ ಮಾಡಿಸಿದ್ದು. ಸಹಿ ಹಾಕ್ಲಿಲ್ಲಂದ್ರ ಕೆಲಸ ಬಿಡು ಅಂದ್ರು. ಅದು ಬರೀ ಕಾಗದರಿ."

"ಬರೀ ಕಾಗದ!" ಅವಳ ದನಿ ಹೊರಗಿನ ಅಂಗಳದವರೆಗೂ ಕೇಳಿಸಿತು. "ಕಾಗದ ಬರೀ ಕಾಗದ ಆಗಿದ್ರ, ನನ್ನ ಕಡೆ ಡಿಗ್ರಿ ಕಾಗದ ಇಲ್ಲಂತ ಯಾಕ್ ಹೊರಗ ಹಾಕಿದ್ರಿ? ದಾರಿ ತಪ್ಪಿಸಿದಾಕಿ ನಾನು? ಆ ನೀಲಿ ಆಕಾಶ ನೋಡಿ ಕಲ್ತವ ನಾಳೆ ಇನ್ನೊಬ್ಬನ ಕಾಲು ತಗದ್ರ, ಆಗ ಯಾರ ಸಹಿ ಹಾಕ್ತೀರಿ? ನಿಮ್ಮ ಕಾಲೇಜಿನಾಗ ಅದನ್ನೂ ಕಲ್ಸಿದ್ರೇನು, ಎರಡನೇ ವರ್ಷ?"

ಮೇಜಿನ ಮೇಲೆ ಅವಳ ಹಾಳೆಗಳ ಕಟ್ಟಿತ್ತು, ನಲವತ್ತು ಹಾಳೆ. ಅವಳು ಅದನ್ನು ಎತ್ತಿಕೊಂಡಳು. ಹಿಂದೆಯೇ ಬಂದ ಮನೋಹರ್, "ಅದು ಕಂಪನೀದು, ಇಡು" ಎಂದ.

"ಕಳಪೆ ಅಂತ ನೀವ ಬರದೀರಲ್ರಿ. ಕಳಪೆ ಮಾಲು ಕಂಪನಿಗ್ಯಾಕ?"

ಗೇಟಿನ ಕಾವಲುಗಾರ ಅವಳ ಮುಖ ನೋಡಿ ಸುಮ್ಮನೆ ದಾರಿ ಬಿಟ್ಟ.

ಆಗಸ್ಟಿನಲ್ಲಿ ದೊಡ್ಡವರು ಬಂದರು. ನೀಲಿ ಆಕಾಶದ ಕೆಳಗೆ ಎಲ್ಲ ಡ್ರೈವರ್‌ಗಳೂ ಒಂದೇ ಸಲಕ್ಕೆ ಪಾಸಾದರು. ಭರಮಣ್ಣನೊಬ್ಬ ಸರ್ಟಿಫಿಕೇಟಿಗೆ ಕೈ ಚಾಚಲಿಲ್ಲ. "ಧೂಳು ಇದ್ದಿದ್ದು ಹಾಕ್ರಿ. ಅದ್ರಾಗ ಪಾಸಾದ್ರ ಇಸ್ಕೊತೀನಿ," ಎಂದನಂತೆ. ಅವನನ್ನು ಹದಿನೈದು ದಿನ ಗಾಡಿ ಇಲ್ಲದೆ ಕೂರಿಸಿದರು.

ಆ ಸಿಟ್ಟಿನಲ್ಲೇ ಹೊನ್ನೂರಮ್ಮ ಸರ್ಕಾರದ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಕಟ್ಟಿದಳು. ಹೊಸಪೇಟೆಯ ಶಾಲೆಯೊಂದರಲ್ಲಿ ಎಂಟನೇ ಕ್ಲಾಸಿನ ಮಕ್ಕಳ ನಡುವೆ, ಮೊಣಕಾಲು ಹಿಡಿಸದ ಬೆಂಚಿನಲ್ಲಿ ಕೂತು ಒಂದು ಕೊಡ, ಎರಡು ಬದನೇಕಾಯಿ ಬರೆದಳು. ಮೇಷ್ಟ್ರು ಹಿಂದೆ ನಿಂತು ನೋಡಿದರು.

"ಕೈ ಛಲೋ ಐತಲ್ಲವಾ. ನಿನಗ್ಯಾಕ ಬೇಕು ಇದು?"

"ಕೈಗಲ್ರಿ ಸರ, ಮಂದಿ ಬಾಯಿಗೆ," ಎಂದಳು.

ಸೆಕೆಂಡ್ ಕ್ಲಾಸ್ ಬಂತು. ನೆರಳು ತಪ್ಪಾಗಿತ್ತಂತೆ.

ಫೆಬ್ರುವರಿಯ ಒಂದು ಬೆಳಿಗ್ಗೆ ಅಚ್ಯುತನ ಫೋನ್ ಬಂತು. ಅವನೀಗ ಹೈದರಾಬಾದಿನ ಒಂದು ಗೇಮ್ ಕಂಪನಿಯಲ್ಲಿದ್ದ. ದನಿಯಲ್ಲಿ ಖುಷಿಯಿತ್ತು. "ನಿಮಗ ಹೇಳಬೇಕನಿಸ್ತು. ಇಲ್ಲಿ ಯಾರೂ ನನ್ನ ಡಿಗ್ರಿ ಕೇಳಲೇ ಇಲ್ರಿ. ಕೆಲಸ ತೋರ್ಸು ಅಂದ್ರು ಅಷ್ಟ. ನೋಡಿ ತಗೊಂಡ್ರು."

"ಏನ್ ತೋರ್ಸಿದ್ರಿ?"

"ಎಲ್ಲಾ ತೋರಿಸ್ದೆ. ಆ ಧೂಳಿಂದೂ ಇತ್ತು."

"ಯಾರು ಬರದದ್ದು ಅಂತ ಹೇಳಿದ್ರೇನು?"

"ಇನ್ನೂ ಹೇಳಿಲ್ರಿ." ಕಾಗದ ಬೇಕೆಂದ ಕಡೆ ಅವನ ಹತ್ತಿರ ಕಾಗದವಿತ್ತು. ಕೆಲಸ ಬೇಕೆಂದ ಕಡೆ ಅವಳ ಕೆಲಸವಿತ್ತು. ಅವಳು ಬ್ರಷ್ಷನ್ನು ಡಬ್ಬಿಯೊಳಗೆ ಇಟ್ಟಳು.

"ನಿಮ್ಮ ಮ್ಯಾಲಿನವರ ನಂಬರ್ ಕೊಡ್ರಿ."

"ಹೊನ್ನೂರಮ್ಮ, ನಾನ ಹೇಳ್ತೀನಿ, ಈ ವಾರದಾಗ—"

"ಕೊಡ್ರಿ ಅಂದೆ!"

ಅವನು ಕೊಟ್ಟ. ಯಾಕೆ ಕೊಟ್ಟನೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. ಆಂಧ್ರದ ಲಾರಿಯವರ ಜೊತೆ ಮಾತಾಡಿ ಕಲಿತ ತೆಲುಗಿನಲ್ಲಿ ಅವಳು ಆಗಲೇ ಅಲ್ಲಿಗೆ ಫೋನ್ ಮಾಡಿ, ಚಿತ್ರ ವಿಭಾಗದ ಮುಖ್ಯಸ್ಥನ ಹತ್ತಿರ ಎಲ್ಲ ಹೇಳಿದಳು. ಗುಡ್ಡ, ಕೆಸರು, ಹನ್ನೆರಡನೇ ಸಲದ ಮನುಷ್ಯ. ಆ ಮನುಷ್ಯನನ್ನು ಧೂಳಿನಲ್ಲಿ ಮುಚ್ಚುವುದನ್ನು ಹೇಳಿಕೊಟ್ಟವನು ಅಚ್ಯುತನೇ ಎಂಬುದನ್ನೂ ಬಿಡದೆ ಹೇಳಿದಳು. ಆ ಕಡೆಯವನು ತಾಳ್ಮೆಯಿಂದ ಕೇಳಿ, ವಿಚಾರಿಸುತ್ತೇನೆ ಎಂದ.

ವಿಚಾರಿಸಿದರು. ಅಚ್ಯುತ ಒಪ್ಪಿಕೊಂಡನಂತೆ. ಆ ಚಿತ್ರಗಳನ್ನು ಅವನ ಹೆಸರಿನಿಂದ ತೆಗೆದುಹಾಕಿದರು. ಅವನ ಕೆಲಸ ಹೋಗಲಿಲ್ಲ. ಅವಳನ್ನು ಯಾರೂ ಕರೆಯಲೂ ಇಲ್ಲ.

ಭಾನುವಾರ ಕಂಪ್ಲಿಯಿಂದ ಎರ್ರಿಯಪ್ಪ ಬಂದಿದ್ದ. ಊರುಗೋಲನ್ನು ಅಂಗಡಿಯ ಗೋಡೆಗೆ ಒರಗಿಸಿ ಎಲ್ಲ ಕೇಳಿದ.

"ಇಷ್ಟೆಲ್ಲಾ ಮಾಡಿ ಏನ್ ಸಿಕ್ತವಾ ನಿನಗ?"

"ಏನೂ ಸಿಗಲಿಲ್ಲಣ್ಣ."

"ಮತ್ತ ಸಿಟ್ಟರ ಇಳೀತೇನು?"

"ಇಳಿದಿಲ್ಲ," ಎಂದಳು ಹೊನ್ನೂರಮ್ಮ. "ಹೈಯರ್ ಗ್ರೇಡ್ ಅರ್ಜಿ ಬಿಟ್ಟಾರಂತ. ನಾಳಿ ಹೋಗಿ ತರ್ತೀನಿ. ಆ ನೆರಳು ಎಲ್ಲಿ ತಪ್ಪಿತು ಅಂತನೂ ಮೇಷ್ಟ್ರನ್ನ ಕೇಳೋದೈತಿ."