ಭಾವ ಕೊಂಡ ಪುಟ್ಟ ಗೇಜ್

ಭಾವನದು ಕನ್ನಡಕದ ಅಂಗಡಿ. ಐವತ್ತು ದಾಟಿದವರು ಒಳಗೆ ಕಾಲಿಟ್ಟರೆ ಸಾಕು, ಓದುವ ಕನ್ನಡಕ ಹಾಕಿಸದೆ ಹೊರಗೆ ಬಿಡುತ್ತಿರಲಿಲ್ಲ. ತಮ್ಮ ಔಷಧಿ ಚೀಟಿಯನ್ನು ಮಾತ್ರ ಮಾರುದೂರ ಹಿಡಿದು ಓದುತ್ತಿದ್ದರು. ಕೇಳಿದರೆ, "ನನ್ನದು ಹದ್ದಿನ ಕಣ್ಣು" ಎಂಬ ಜಂಬ.

ಇಂಥವರಿಗೆ ಸಮುದ್ರದ ತಳ ನೋಡುವ ಹುಚ್ಚು ಹಿಡಿಯಿತು. ಕಲಿತದ್ದು ನಾದಿನಿಯ ಹತ್ತಿರವೇ. ಅವಳು ಬಂದರಿನ ಪಕ್ಕ ಡೈವಿಂಗ್ ಸಾಮಾನು ಮಾರುತ್ತಾ, ಬಂದವರನ್ನು ನೀರಿಗಿಳಿಸಿ ಕಲಿಸುತ್ತಾ ಇದ್ದಳು. ಒಂದು ದಿನ ಭಾವ ಸ್ವಂತ ಗೇಜ್ ಕೊಳ್ಳಲು ಬಂದರು, ಜೊತೆಗೆ ಅವಳ ಅಕ್ಕ.

ನಾದಿನಿ ಎರಡು ಗೇಜ್ ತೆಗೆದಿಟ್ಟಳು. ಒಂದು ಅಂಗೈಯಗಲದ್ದು, ಹೊಳೆಯುವ ದಪ್ಪ ಅಂಕಿಗಳದ್ದು. ಇನ್ನೊಂದು ಕೈಗಡಿಯಾರದಷ್ಟು ಪುಟ್ಟದು.

"ಭಾವ, ಇದು ಶೋಕಿ ಸಾಮಾನಲ್ಲ. ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಅಂತ ಹೇಳೋದು ಇದೇ. ಮುಳ್ಳು ಐವತ್ತರ ಕೆಂಪು ಪಟ್ಟಿಗೆ ಬರೋ ಹೊತ್ತಿಗೆ ನೀವು ಮೇಲಿರಬೇಕು. ದೊಡ್ಡದು ತಗೊಳ್ಳಿ."

"ಅದೇನು ಊಟದ ತಟ್ಟೆನಾ? ಮುದುಕರಿಗೆ ಕೊಡು."

"ಹಾಗಾದ್ರೆ ಈ ಪುಟ್ಟದರಲ್ಲಿ ಎಷ್ಟಿದೆ, ಓದಿ ನೋಡೋಣ."

ಭಾವ ಅದನ್ನು ಹತ್ತಿರ ತಂದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು. "ಇನ್ನೂರು. ಭರ್ತಿ!"

ಆ ಗೇಜನ್ನು ಯಾವ ಸಿಲಿಂಡರಿಗೂ ಜೋಡಿಸಿರಲಿಲ್ಲ. ಮುಳ್ಳು ಸೊನ್ನೆಯ ಮೇಲೆ ಹಾಯಾಗಿ ಮಲಗಿತ್ತು. ಅಕ್ಕ ಕೆಮ್ಮು ಬಂದವಳಂತೆ ಆಚೆ ತಿರುಗಿದಳು. ನಾದಿನಿ ನಗು ನುಂಗಿಕೊಂಡು ಪುಟ್ಟದನ್ನೇ ಕಟ್ಟಿಕೊಟ್ಟಳು. ಅವಳಿಗಾಗಲೇ ಒಂದು ಕಿತಾಪತಿ ಹೊಳೆದಿತ್ತು.

ಸಿಲಿಂಡರಿನ ತಲೆಗೆ ಕೂರಿಸುವ ರೆಗ್ಯುಲೇಟರಿನಲ್ಲಿ ಗೇಜ್ ಸಿಕ್ಕಿಸಲು ಎರಡು ಜಾಗಗಳಿದ್ದವು. ದೋಣಿ ಹೊರಡುವ ಮುಂಚೆ ಒಂದಕ್ಕೆ ಭಾವನ ಗೇಜ್ ಹಾಕಿದಳು. ಇನ್ನೊಂದಕ್ಕೆ ಸದ್ದಿಲ್ಲದೆ ದೊಡ್ಡದನ್ನು ಹಾಕಿ, ತನಗೆ ಮಾತ್ರ ಕಾಣುವಂತೆ ಭಾವನ ಬೆನ್ನ ಹಿಂದೆ ಬಿಗಿದಳು.

"ವಾಲ್ವ್ ತೆರೆಯುವಾಗ ಗೇಜಿನ ಗಾಜು ಮುಖದ ಕಡೆ ಬೇಡ, ಸಿಡಿದರೆ ಕಷ್ಟ. ಹೂಂ, ಈಗ ಉಸಿರೆಳೀತಾ ನೋಡಿ. ಮುಳ್ಳು ಅಲ್ಲಾಡಿದ್ರೆ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ. ಅಲ್ಲಾಡುತ್ತಾ?"

"ಬಂಡೆ ಥರ ಕೂತಿದೆ" ಎಂದರು ಭಾವ, ಗೇಜಿನ ಹಿಂಬದಿಯನ್ನು ದಿಟ್ಟಿಸುತ್ತಾ.

ನೀರೊಳಗೆ ಅವರು ಕಂಡಕಂಡ ಮೀನಿನ ಬೆನ್ನು ಹತ್ತಿ, ಕೈಕಾಲು ಬಡಿದು, ಗಾಳಿಯನ್ನು ನೀರಿನಂತೆ ಖರ್ಚು ಮಾಡಿದರು. ನಾದಿನಿ "ಎಷ್ಟಿದೆ?" ಎಂದು ಸನ್ನೆ ಮಾಡಿದಳು. ಭಾವ ಕಣ್ಣು ಕಿರಿದಾಗಿಸಿ, ಬೆರಳುಗಳಲ್ಲಿ ನೂರೈವತ್ತು ತೋರಿಸಿದರು. ಬೆನ್ನ ಮೇಲಿನ ಗೇಜ್ ನೂರು ಎನ್ನುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. ಮತ್ತೆ ನೂರೈವತ್ತು. ಮೂರನೇ ಸಲ, ಹೇಳಿದ್ದನ್ನೇ ಹೇಳಿದರೆ ಚೆನ್ನಾಗಿರದು ಅನ್ನಿಸಿತೋ ಏನೋ, ನೂರ ಅರವತ್ತು ತೋರಿಸಿದರು!

ಉಸಿರಾಡಿದಷ್ಟೂ ಗಾಳಿ ಹೆಚ್ಚುವ ಸಿಲಿಂಡರನ್ನು ನಾದಿನಿ ಜನ್ಮದಲ್ಲಿ ಕಂಡಿರಲಿಲ್ಲ. ನಗು ತಡೆಯಲಾಗದೆ ಮಾಸ್ಕಿನೊಳಗೆ ನೀರು ನುಗ್ಗಿತು. ಆದರೆ ಮುಳ್ಳು ಎಪ್ಪತ್ತಕ್ಕೆ ಬಂದಿತ್ತು. ಆಟ ಸಾಕೆಂದು ಭಾವನ ತೋಳು ಹಿಡಿದು ನಿಧಾನವಾಗಿ ಮೇಲಕ್ಕೆ ಕರೆದೊಯ್ದಳು.

ದೋಣಿಯಲ್ಲಿ ಕಾಯುತ್ತಿದ್ದ ಅಕ್ಕನ ಹತ್ತಿರ ಭಾವ ದೂರಿದರು. "ಇನ್ನೂ ಬೇಕಾದಷ್ಟು ಗಾಳಿ ಇತ್ತು. ನಿನ್ನ ತಂಗಿಗೆ ಪುಕ್ಕಲು."

ನಾದಿನಿ ದೊಡ್ಡ ಗೇಜನ್ನು ಹಿಂದಿನಿಂದ ಎಳೆದು ಅವರ ಮೂಗಿನ ಮುಂದೆ ಹಿಡಿದಳು. ಮುಳ್ಳು ಕೆಂಪು ಪಟ್ಟಿಯ ಅಂಚಿನಲ್ಲಿತ್ತು. ಇದನ್ನು ಭಾವ ಸಲೀಸಾಗಿ ಓದಿದರು. ಮುಖ ಬಿಳಿಚಿಕೊಂಡಿತು.

"ನೂರ ಅರವತ್ತು ಎಲ್ಲಿಂದ ಬಂತು ಭಾವ?"

"ಅಂದಾಜು..." ಎಂದು ಗೊಣಗಿದರು.

"ಅಂದಾಜಿನಲ್ಲಿ ಉಸಿರಾಡೋಕಾಗುತ್ತೇನ್ರೀ?" ಎಂದು ಅಕ್ಕ ನಗಲು ಹೋದಳು. ಅರ್ಧದಲ್ಲೇ ನಿಲ್ಲಿಸಿ ಅವರ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಭಾವ ತಲೆ ತಗ್ಗಿಸಿ ಅವಳ ಪಕ್ಕ ಕೂತರು. ದಡ ಮುಟ್ಟುವವರೆಗೂ ಹದ್ದಿನ ಮಾತು ಬರಲಿಲ್ಲ.

ಮರುದಿನವೇ ದೊಡ್ಡ ಗೇಜ್ ಒಯ್ದರು. ಮಾಸ್ಕಿನ ಗಾಜಿನ ಕೆಳಭಾಗಕ್ಕೆ ತಾವೇ ಓದುವ ಲೆನ್ಸ್ ಕೂರಿಸಿಕೊಂಡರು. ಅಲ್ಲಿಂದ ಶುರುವಾಯಿತು ನಾದಿನಿಯ ಪಾಡು. ಮುಂದಿನ ಸಲ ಭಾವ ಗುರುತು ಪರಿಚಯ ಇಲ್ಲದವರ ಹತ್ತಿರವೂ ಈಜಿಹೋಗಿ, ಅವರ ಗೇಜ್ ಹಿಡಿದು ಓದಿ, ಬೆರಳಲ್ಲಿ ವರದಿ ಒಪ್ಪಿಸತೊಡಗಿದರು. ಹೊಸದಾಗಿ ಮದುವೆಯಾದ ಜೋಡಿಯೊಂದು, ಯಾರೋ ತಪಾಸಣೆಯವರು ಅಂದುಕೊಂಡು ಗಾಬರಿಯಿಂದ ಮೇಲೇರಿ ಬಂತು.

ದೋಣಿಯಲ್ಲಿ ನಾದಿನಿ ಆ ಹೆಂಡತಿಯ ಕ್ಷಮೆ ಕೇಳುತ್ತಿದ್ದರೆ, ಭಾವ ಗಂಡನ ಪಕ್ಕಕ್ಕೆ ಸರಿದು ಹೇಳುತ್ತಿದ್ದರು, "ನಿಮ್ಮದು ಎಂಬತ್ತಿತ್ತು, ನೀವು ಬೆರಳಲ್ಲಿ ತೊಂಬತ್ತು ತೋರಿಸಿದ್ರಿ. ಒಂದ್ಸಲ ಕಣ್ಣು ತೋರಿಸಿಕೊಳ್ಳಿ. ಭಾನುವಾರಾನೂ ಅಂಗಡಿ ತೆಗೆದಿರುತ್ತೆ."