ದನಿಯ ಪಕ್ಕದ ಗೆಡ್ಡೆ

ಅಮ್ಮನ ದನಿ ನನಗಿಂತ ಪ್ರಯಾಣಿಕರಿಗೇ ಹೆಚ್ಚು ಸಿಕ್ಕಿದೆ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವಾಗ ಹೊರಡುತ್ತದೆಂದು ಹೇಳುವ ಕೆಲಸ ಅವಳದು. ಮನೆಗೆ ಬಂದರೆ ಗಂಟಲಿಗೆ ರಜೆ. ಉಪ್ಪು ಬೇಕೆಂದರೆ ಬೆರಳು ಮಾಡುತ್ತಾಳೆ, ಬೇಡವೆಂದರೆ ಹುಬ್ಬು. ಕಾಲೇಜು ಮುಗಿದ ಮೇಲೆ, ಎಲ್ಲಿಗೂ ಹೋಗುವುದಿಲ್ಲದಿದ್ದರೂ ನಾನು ನಿಲ್ದಾಣದ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದೆ. ಆ ತುಂಬುದನಿ ತಲೆಯ ಮೇಲಿಂದ ಇಳಿದು ಬರುತ್ತಿತ್ತು; ಅದರಲ್ಲಿ ನನಗೆಂದು ಒಂದು ಮಾತೂ ಇರುತ್ತಿರಲಿಲ್ಲ.

ಈಗ ಅವಳ ಕುತ್ತಿಗೆಯಲ್ಲಿ ಎರಡು ಗಂಟು. ನಡುವಿನದು ಥೈರಾಯ್ಡ್ ಕ್ಯಾನ್ಸರ್ ಎಂದು ಮೊದಲೇ ಗೊತ್ತಾಗಿತ್ತು. ದವಡೆಯ ಕೆಳಗಿನದು ಅದರದೇ ಮರಿ ಎಂದು ನಾವೆಲ್ಲ ಎದೆಗುಂದಿದ್ದೆವು. ಸ್ಕ್ಯಾನ್ ನೋಡಿದ ಡಾಕ್ಟರು ಅಲ್ಲವೆಂದರು.

"ಅದರಿಂದ ಹರಡಿದ್ದಲ್ಲಮ್ಮ ಇದು. ತಲೆಗೆ ರಕ್ತ ಒಯ್ಯೋ ನಾಳ ಕವಲಾಗೋ ಜಾಗದಲ್ಲಿ ತಾನಾಗೇ ಬೆಳೆದಿರೋ ಬೇರೆ ಗೆಡ್ಡೆ. ತುಂಬ ಅಪರೂಪ. ಎರಡೂ ಒಬ್ಬರಲ್ಲೇ ಇರೋದು ಇನ್ನೂ ಅಪರೂಪ."

"ಕರೀದೆ ಬರೋ ನೆಂಟರು ಒಬ್ಬೊಬ್ಬರೇ ಎಲ್ಲಿ ಬರ್ತಾರೆ," ಎಂದರು ಅಪ್ಪ.

"ಎರಡನ್ನೂ ಒಟ್ಟಿಗೇ ತೆಗೀತೀವಿ. ಆದ್ರೆ ದನಿಯ ನರ ಪಕ್ಕದಲ್ಲೇ ಹಾದು ಹೋಗುತ್ತೆ. ದನಿ ಉಳೀಬಹುದು, ಹೋಗಲೂಬಹುದು. ಈಗಲೇ ಮಾತು ಕೊಡೋಕಾಗಲ್ಲ."

ಆಸ್ಪತ್ರೆಗೆ ಸೇರುವವರೆಗೂ ಅಮ್ಮ ಕೆಲಸ ಬಿಡಲಿಲ್ಲ. ಒಂದೇ ಒಂದು ಸಲ ಆ ದನಿ ನನ್ನನ್ನು ಕರೆಯಲಿ ಎಂದು ಜೀವ ಹಂಬಲಿಸುತ್ತಿತ್ತು. ಕೇಳಲು ಬಾಯಿ ಬರಲಿಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ಅಪ್ಪ ಟೀ ತರಲು ಹೋದಾಗ, ಅಮ್ಮ ಮಂಚದ ಅಂಚು ತಟ್ಟಿದಳು. ಕೂತೆ.

"ಬೀರು ಬೀಗಾನ ಸ್ವಲ್ಪ ಎಡಕ್ಕೊತ್ತಿ ತಿರುಗಿಸ್ಬೇಕು ಕಣೆ. ನಿಮ್ಮಪ್ಪನ ಕೈಗೆ ಕೊಡ್ಬೇಡ, ಮುರಿದಿಡ್ತಾರೆ. ನೀನು ಹುಟ್ಟಿದಾಗ ಏನು ಕಿರುಚಾಟ ಅಂತೀಯ, ಸೂಲಗಿತ್ತೀನೇ ಕಿವಿ ಮುಚ್ಕೊಂಡ್ಳು. ಆಮೇಲೆ ಎಲ್ಲಿ ಹೋಯ್ತೇ ಆ ಬಾಯಿ? ಚಿಕ್ಕಮ್ಮ ಕೊಟ್ಟ ಗುಲಾಬಿ ಅಂಗಿ ಇದ್ಯಲ್ಲ..."

ಔಷಧಿ ತಂದ ನರ್ಸ್, "ಗಂಟಲಿಗೆ ಸ್ವಲ್ಪ ಬಿಡುವು ಕೊಡಿ ಅಮ್ಮ," ಎಂದಳು.

"ನಾಳೆಯಿಂದ ಕೊಡ್ತೀನಿ ಬಿಡವ್ವ," ಎಂದು ಅಮ್ಮ ಮತ್ತೆ ನನ್ನ ಕಡೆ ತಿರುಗಿದಳು. "ಎಲ್ಲಿಗೆ ಬಂದಿದ್ದೆ?"

"ಗುಲಾಬಿ ಅಂಗಿ."

"ಹಾಂ. ಅದು ನಿಂಗೊಪ್ಪಲ್ಲ ಮಗಳೇ. ಮೊದಲ ದಿನವೇ ಹೇಳ್ಬೇಕು ಅಂದ್ಕೊಂಡೆ..."

"ಹೂಂ," ಎಂದೆ, ಗಟ್ಟಿಯಾಗಿ ಅಂದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು, ಮೆಲ್ಲಗೆ.