ಐದಕ್ಕೆ ಐದು

ನಾನು ಒಂದು ಪೆನ್ಸಿಲ್. ಹಾಗೆಂದು ಹೇಳಿಕೊಳ್ಳಲು ಈಗ ಮುಖವಿಲ್ಲ. ಹೆಬ್ಬೆರಳಿನಷ್ಟು ಉಳಿದಿದ್ದೇನೆ, ಅದೂ ಮೊಂಡು ಮೂತಿ. ಆದರೂ ಹೇಳುತ್ತೇನೆ. ಒಳಗೇ ಇಟ್ಟುಕೊಂಡು ಸಾಕಾಗಿದೆ.

ಮರದ ಎರಡು ಸೀಳುಗಳ ನಡುವೆ ಸೀಸದ ಕಡ್ಡಿ ಇಟ್ಟು, ಅಂಟು ಹಾಕಿ, ಉಜ್ಜಿ, ಹಸಿರು ಬಣ್ಣ ಬಳಿದು ನನ್ನನ್ನು ಮಾಡಿದರು. ಪಕ್ಕದ ಸಾಲಿನವರು ಆರು ಮೂಲೆಯವರು, ನಮ್ಮ ಸಾಲಿನವರು ಗುಂಡು ಮೈಯವರು. ಮೇಜಿನಿಂದ ಉರುಳಿ ಬೀಳುವುದೊಂದೇ ಗುಂಡು ಮೈಯ ದೋಷ ಎಂದುಕೊಂಡಿದ್ದೆ. ಅದೇ ಮೈ ನನ್ನ ಮಾನ ಕಳೆಯುತ್ತದೆಂದು ಯಾರಿಗೆ ಗೊತ್ತಿತ್ತು!

ನನ್ನನ್ನು ಕೊಂಡವರು ಡಾಕ್ಟರ್ ಮಂದಾಕಿನಿ. ಔಷಧದ ಡಾಕ್ಟರಲ್ಲ, ಸಂಶೋಧನೆಯವರು. ಸೈನಿಕರಿಗೆ ಕೊಡುವ ತರಬೇತಿ ನಿಜಕ್ಕೂ ತಲೆಗೆ ಹತ್ತುತ್ತದೆಯೇ ಎಂದು ಅಳೆಯುವುದು ಅವರ ಕೆಲಸ. ಅಳೆಯಲು ಒಂದು ತರಬೇತಿ ಕೇಂದ್ರಕ್ಕೆ ಬಂದರು. ಅದರ ಹೆಸರು ಬೇಡ. ಅಲ್ಲಿ ಹೊಸ ಹುಡುಗರ ಎರಡು ತಂಡ. ಒಂದಕ್ಕೆ ಹಳೆಯ ಪದ್ಧತಿ, ಅಂದರೆ ಬೈಗುಳ, ಓಟ, ಒದೆ, ಮತ್ತೆ ಬೈಗುಳ. ಇನ್ನೊಂದಕ್ಕೆ ಹವಾಲ್ದಾರ್ ದುಂಡಪ್ಪನವರ ಪದ್ಧತಿ. ಗೋಡೆಗೆ ಚಿತ್ರ, ಕೈಗೆ ಮರದ ಬಂದೂಕು, ಬಾಯಲ್ಲಿ ಒಂದೇ ಒಂದು ಕೆಟ್ಟ ಮಾತಿಲ್ಲ. ತಮ್ಮ ಕಾಲದಲ್ಲಿ ಒದೆ ತಿಂದೇ ಕಲಿತ ಮನುಷ್ಯ ಅವರು. ತಮ್ಮ ತಂಡ ಗೆದ್ದರೆ ಇಡೀ ಕೇಂದ್ರದಲ್ಲಿ ಒದೆ ನಿಲ್ಲುತ್ತದೆ ಎಂಬುದೊಂದೇ ಅವರ ಆಸೆ. ಒಳ್ಳೆಯ ಆಸೆಯೇ, ಅದನ್ನು ನಾನು ಇಲ್ಲವೆನ್ನುವುದಿಲ್ಲ.

"ಅಂಕ ತುಂಬೋಕೆ ಇದನ್ನಿಟ್ಕೊಳ್ಳಿ, ಹವಾಲ್ದಾರರೇ" ಎಂದು ಮೇಡಂ ನನ್ನನ್ನು ಅವರ ಕೈಗೆ ಕೊಟ್ಟರು. ಅವರ ತಂಡದ ಅಂಕವನ್ನು ಅವರೇ ತುಂಬುವುದು! ಮೊದಲ ತಪ್ಪು ಅಲ್ಲೇ ಆಯಿತು. ದುಂಡಪ್ಪನವರು ನನ್ನನ್ನು ಕಿವಿಗೆ ಸಿಕ್ಕಿಸಿಕೊಂಡರು. ಅವರ ಕಿವಿಯ ಮೇಲಿಂದ ಲೋಕ ನೋಡುತ್ತ ನಾನೂ ಬೀಗಿದೆ.

ಪರೀಕ್ಷೆಯ ದಿನ ಬಂತು. ಗುರಿಹಲಗೆಗಳ ಕೆಳಗಿನ ಕಂದಕದಲ್ಲಿ ನಾವು ಕೂತಿದ್ದೆವು. ನೂರು ಮೀಟರು ದೂರದಿಂದ ಹುಡುಗರು ತಲಾ ಐದು ಗುಂಡು ಹಾರಿಸಬೇಕು. ಹಲಗೆ ಇಳಿಸಿ, ಕಾಗದದಲ್ಲಿ ಬಿದ್ದ ತೂತು ಎಣಿಸಿ ನಾವು ಬರೆಯಬೇಕು. ಏಳನೆಯ ಹಲಗೆ ಇಳಿಯಿತು. ಅದು ಯಮನೂರಪ್ಪನದು. ಕೊಪ್ಪಳದ ಕಡೆಯ ಹುಡುಗ, ಪಾಠದಲ್ಲಿ ಎಲ್ಲರಿಗಿಂತ ಮುಂದೆ ಕೂರುವವನು. ಕಾಗದದಲ್ಲಿ ಒಂದೇ ಒಂದು ತೂತು.

"ಅಯ್ಯ ನಮ್ಮಪ್ಪಾ, ನೀನೇ ಹಿಂಗ ಮಾಡಿದ್ರ ಹೆಂಗೋ?" ಎಂದು ದುಂಡಪ್ಪನವರು ಗೊಣಗಿದರು. ಅತ್ತಿತ್ತ ನೋಡಿದರು. ನನ್ನನ್ನು ಕಿವಿಯಿಂದ ತೆಗೆದು ಕಾಗದಕ್ಕೆ ಚುಚ್ಚಿದರು. ಒಂದು, ಎರಡು, ಮೂರು, ನಾಲ್ಕು. ನನ್ನ ಗುಂಡು ಮೈ, ಗುಂಡಿನದೇ ಅಳತೆ. ಆಮೇಲೆ ಅದೇ ಮೂತಿಯಿಂದ ಬರೆಸಿದರು: ಐದಕ್ಕೆ ಐದು. ಆ ಕ್ಷಣ ನನ್ನ ಸೀಸ ಮುರಿದು ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಮುರಿಯಲಿಲ್ಲ. ನೆಟ್ಟಗೆ, ದುಂಡಗೆ ಬರೆದೆ.

ಒಂದು ಸಲ ಕೈ ರೂಢಿಯಾದ ಮೇಲೆ ಕೇಳಬೇಕೇ? ಆವತ್ತು ಹನ್ನೊಂದು ಹಲಗೆಗಳಿಗೆ ನನ್ನನ್ನು ಚುಚ್ಚಿದರು.

ಅದು ಸಾಲದೆಂಬಂತೆ ಸಂಜೆ ಯಮನೂರಪ್ಪ ಬಂದ. "ಉಸ್ತಾದ್ರ, ಪೆನ್ಸಿಲ್ ಕೊಡ್ರಿ, ಅವ್ವಗ ಕಾಗದ ಬರೀಬೇಕು." ಆಗಿನ್ನೂ ಮೊಬೈಲ್ ಬಂದಿರಲಿಲ್ಲ. ದುಂಡಪ್ಪನವರು ಅವನ ಮುಖ ನೋಡದೆ ನನ್ನನ್ನು ಕೊಟ್ಟರು. ಅವನು ಕಾರ್ಡಿನ ಮೇಲೆ ಒತ್ತಿ ಒತ್ತಿ ಬರೆದ: ಅವ್ವಾ, ಐದಕ್ಕೆ ಐದು ಹೊಡೆದೆ. ಖುಷಿಗೆ ನನ್ನನ್ನು ಬಿಗಿಯಾಗಿ ಹಿಡಿದಿದ್ದ. ನಾನು ನಾಚಿಕೆಗೆ ಕುಗ್ಗಿದ್ದು ಅವನಿಗೆ ತಿಳಿಯಲಿಲ್ಲ.

ಮೇಡಂ ಮೊದಲ ವರದಿ ಕಳಿಸಿದರು. ಹೊಸ ಪದ್ಧತಿ ಬಹಳ ಪರಿಣಾಮಕಾರಿ ಎಂದು ಬರೆದಿದ್ದರಂತೆ.

ತಿಂಗಳು ಕಳೆಯಿತು. ಎರಡನೆಯ ಪರೀಕ್ಷೆಗೆ ಮುಂಚೆ ಮೇಡಂ ಹಳೆಯ ಗುರಿಕಾಗದಗಳ ಕಟ್ಟು ಹಿಡಿದು ಹುಡುಗರ ಬಳಿಗೇ ಬಂದರು. ಐದಕ್ಕೆ ಐದು ಹೊಡೆದವನು ಹೇಗೆ ಹೊಡೆದ ಎಂದು ಅವನ ಬಾಯಿಂದಲೇ ಕೇಳುವ ಆಸೆಯಂತೆ. ದುಂಡಪ್ಪನವರೂ, ಅವರ ಕಿವಿಯ ಮೇಲೆ ನಾನೂ ಪಕ್ಕದಲ್ಲೇ ಇದ್ದೆವು.

"ಗುಂಡು ಹಾರಿಸೋವಾಗ ಏನೇನು ಮಾಡ್ತೀಯಪ್ಪ? ಒಂದೊಂದಾಗಿ ಹೇಳು."

ಯಮನೂರಪ್ಪ ನೆಟ್ಟಗೆ ನಿಂತ. "ಮಕ್ಕೋತೀನ್ರಿ. ಬಂದೂಕು ಭುಜಕ್ಕ ಒತ್ತತೀನ್ರಿ. ಉಸಿರು ಹಿಡೀತೀನ್ರಿ. ಬಾಯಿ ಗಟ್ಟಿ ಮುಚ್ಚತೀನ್ರಿ. ಬೆರಳಿಲೆ ಬಂದೂಕಿನ ಕುದುರಿ ಎಳೀತೀನ್ರಿ."

"ಬಾಯಿ ಯಾಕೆ ಮುಚ್ತೀಯ?"

"ಉಸ್ತಾದ್ರು ದಿನಾ ಹೇಳ್ತಾರಲ್ರೀ, ಬಾಯೀಂ ಆಂಖ್ ಬಂದ್ ಅಂತ. ಬಾಯಿ ಬಂದ್!"

ಮೇಡಂಗೆ ನಗು ಬಂತು, ಬಂದ ನಗು ಅಲ್ಲೇ ನಿಂತಿತು. ಹಿಂದಿಯಲ್ಲಿ 'ಬಾಯೀಂ ಆಂಖ್' ಅಂದರೆ ಎಡಗಣ್ಣು. ಪಾಪದ ಹುಡುಗ ಎರಡು ತಿಂಗಳು ಎರಡೂ ಕಣ್ಣು ಬಿಟ್ಟುಕೊಂಡು, ತುಟಿ ಬಿಗಿಹಿಡಿದು ಗುಂಡು ಹಾರಿಸಿದ್ದ! ನಿಯಮದಂತೆ ಹಿಂದಿಯಲ್ಲೇ ಪಾಠ ಹೇಳಿದ ದುಂಡಪ್ಪನವರು ಅವನ ಪಕ್ಕದ ಜಿಲ್ಲೆಯ ಕನ್ನಡದವರೇ. 'ಎಡಗಣ್ಣು' ಎಂದು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಒಂಟಿ ತೂತನ್ನು ಇದ್ದಂತೆಯೇ ಬಿಟ್ಟಿದ್ದರೆ, ಯಾಕೆ ತಪ್ಪಿತು ಎಂದು ಆವತ್ತೇ ಯಾರಾದರೂ ಕೇಳುತ್ತಿದ್ದರು. ಕೇಳದ ಹಾಗೆ ಮಾಡಿದವನು ನಾನು.

"ಹಾಗಾದ್ರೆ ಐದಕ್ಕೆ ಐದು ಹೇಗೆ ಬಂತು, ಹವಾಲ್ದಾರರೇ?"

ದುಂಡಪ್ಪನವರ ಕಿವಿ ಬಿಸಿಯಾದದ್ದು ನನಗೆ ತಾಗಿತು. ನನ್ನನ್ನು ತೆಗೆದು ಮೇಡಂ ಅಂಗೈಯಲ್ಲಿಟ್ಟರು.

ಮೇಡಂ ಏಳನೆಯ ಹಲಗೆಯ ಕಾಗದ ಹುಡುಕಿ ಬಿಸಿಲಿಗೆ ಹಿಡಿದರು. ನಾಲ್ಕು ತೂತುಗಳ ಅಂಚಿನಲ್ಲಿ ನನ್ನ ಸೀಸದ ಬೂದಿ ಹೊಳಪು. "ಮೊದಲೇ ನನಗೂ ಇದು ಕಂಡಿತ್ತು" ಎಂದರು, ತುಂಬ ಮೆಲ್ಲಗೆ. "ವರದಿ ಚೆನ್ನಾಗಿ ಬರ್ತಿದೆಯಲ್ಲ ಅಂತ ಸುಮ್ಮನಿದ್ದೆ."

ಯಮನೂರಪ್ಪ ಇಬ್ಬರನ್ನೂ ನೋಡಿದ. "ಹಂಗಾರ ಆ ಐದು ನನ್ನವಲ್ಲೇನ್ರಿ, ಉಸ್ತಾದ್ರ?"

"ಒಂದು ನಿಂದಪ್ಪಾ" ಎಂದರು ದುಂಡಪ್ಪನವರು. "ನಾಕು ನನ್ನವು. ತಪ್ಪಾತು. ಬಾ, ಎಡಗಣ್ಣು ಮುಚ್ಚು. ಬಾಯಿ ಬೇಕಾದ್ರ ತೆರಕೊಂಡೇ ಇರು."

ಆವತ್ತಿನ ಪರೀಕ್ಷೆಯಲ್ಲಿ ಅವನು ಐದಕ್ಕೆ ಮೂರು ಹೊಡೆದ. ಮೇಡಂ ತಾವೇ ಎಣಿಸಿ, ನನ್ನಿಂದಲೇ ಬರೆದರು. ಹುಡುಗ ಮತ್ತೆ ನನ್ನನ್ನು ಕೇಳಿ ಪಡೆದು ಇನ್ನೊಂದು ಕಾರ್ಡು ಬರೆದ: ಅವ್ವಾ, ಐದಕ್ಕೆ ಮೂರು ಹೊಡೆದೆ. ಮೊದಲಿನ ಸಂಗತಿ ಬರೆಯಲು ಅವನಿಗೆ ಮನಸ್ಸಾಗಲಿಲ್ಲ. ಬರೆದರೆ ಉಸ್ತಾದರ ಮಾನ ಹೋಗುತ್ತದಲ್ಲ!

ಮೇಡಂ ಎಲ್ಲವನ್ನೂ ಬಿಚ್ಚಿಟ್ಟು ಎರಡನೆಯ ವರದಿ ಕಳಿಸಿದರು. ಆದರೆ ಕಾರಣ ಬರೆದ ಪುಟವನ್ನು ಮೇಲಿನವರು ತಿರುವಲೇ ಇಲ್ಲ. ಮೊದಲು ಅಷ್ಟಿತ್ತು, ಈಗ ಇಷ್ಟಕ್ಕಿಳಿದಿದೆ, ಹೊಸ ಪದ್ಧತಿ ದಿನ ಕಳೆದಂತೆ ಕೆಡುತ್ತದೆ ಎಂದು ತೀರ್ಮಾನಿಸಿದರು. ದುಂಡಪ್ಪನವರನ್ನು ಉಗ್ರಾಣಕ್ಕೆ ಹಾಕಿದರು. ಅವರ ತಂಡಕ್ಕೂ ಬೈಗುಳದ ಪಾಠ ಶುರುವಾಯಿತು.

ಈಗ ನಾನಿರುವುದು ನಿವೃತ್ತರಾದ ದುಂಡಪ್ಪನವರ ತಗಡಿನ ಟ್ರಂಕಿನ ಮೂಲೆಯಲ್ಲಿ. ಹೊರಡುವಾಗ ಮೇಡಂ ನನ್ನನ್ನು ಅವರಿಗೇ ಬಿಟ್ಟು ಹೋದರು. ದುಂಡಪ್ಪನವರು ನನ್ನಿಂದ ಏನನ್ನೂ ಬರೆಯುವುದಿಲ್ಲ, ಎಸೆಯುವುದೂ ಇಲ್ಲ. ನನ್ನ ಜೊತೆಗೆ ಒಂದು ಕಾರ್ಡು ಮಲಗಿದೆ. ಯಮನೂರಪ್ಪ ಉಗ್ರಾಣದ ಬಾಗಿಲಿಗೆ ಬಂದು ಓದಿ ಹೇಳಿ, ಅಲ್ಲೇ ಬಿಟ್ಟು ಹೋದದ್ದು. ಅವನ ಅವ್ವ ಯಾರ ಕೈಯಲ್ಲೋ ಬರೆಸಿದ ಉತ್ತರ.

"ಮಗಾ, ನಿನ್ನ ಐದಕ್ಕ ಐದರ ಕಾಗದ ದೇವರ ಜಗಲಿ ಮ್ಯಾಲೆ ಇಟ್ಟೀನಿ. ದಿನಾ ಕುಂಕುಮ ಹಚ್ಚತೀನಿ. ಆದ್ರ ಐದು ಹೊಡಿಯಾಂವ ಮೂರಕ್ಕ ಯಾಕ ಇಳದಿ? ಹೊಟ್ಟಿ ತುಂಬ ಉಣ್ಣಾಕ ಹಾಕ್ತಾರೋ ಇಲ್ಲೋ?"